ಅರ್ಧ ಸ್ವರ ಮೇಲೇರಿದ ರಬಕವಿ ಗಿಟಾರ್

ಬೆಳಗಿನ ಆರು ಗಂಟೆ. ರಬಕವಿಯ ಓಣಿಯೊಂದರ ತಗಡಿನ ಶೆಡ್ಡಿನಲ್ಲಿ ಪ್ರತಿಮಾ ಎರಡು ಮಗ್ಗಗಳ ನಡುವೆ ನಿಂತಿದ್ದಾರೆ. ಎಡಗಡೆಯ ಮಗ್ಗದಲ್ಲಿ ಎಳೆಯೊಂದು ಕಡಿಯುತ್ತದೆ. ಯಂತ್ರ ನಿಲ್ಲಿಸಿ, ತುದಿಗಳನ್ನು ಹುಡುಕಿ ಹೊಸೆದು ಗಂಟು ಹಾಕಿ, ಮತ್ತೆ ಹಿಡಿಕೆ ಎಳೆಯುತ್ತಾರೆ. ಲಾಳಿ ಓಡತೊಡಗುತ್ತದೆ. ಹಸಿರು ಸೀರೆ ಬೆರಳಗಲ, ಬೆರಳಗಲವಾಗಿ ಬೆಳೆಯುತ್ತದೆ.

ಎರಡೂ ಮಗ್ಗ ಸರಾಗವಾಗಿ ನಡೆಯುತ್ತಿವೆ ಎಂದು ಖಾತ್ರಿಯಾದ ಮೇಲೆ ಅವರ ಎಡಗೈ ಮಗ್ಗದ ಮರದ ಪಟ್ಟಿಯ ಮೇಲೆ ಕೂರುತ್ತದೆ. ನಾಲ್ಕು ಬೆರಳುಗಳು ಒತ್ತುತ್ತವೆ, ಜಾರುತ್ತವೆ, ಜಿಗಿಯುತ್ತವೆ. ಕಣ್ಣು ಮಾತ್ರ ಎಳೆಗಳ ಮೇಲೇ ಇದೆ. ಏನದು ಎಂದು ನಾನು ಕಿವಿಯ ಹತ್ತಿರ ಹೋಗಿ ಕೂಗಿ ಕೇಳಿದೆ. ಅವರೂ ಕೂಗಿಯೇ ಹೇಳಿದರು: "ಉಪ್ಪಿನ ಹಾಡ್ರಿ! ನಡುವಿಂದು! ಅಲ್ಲೇ ಈಗೂ ಒಮ್ಮೊಮ್ಮೆ ಬೆರಳ ತಪ್ಪತಾವ!"

ಉಪ್ಪಿನ ಹಾಡು ಎಂದರೆ 'ಸಾಲ್ಟ್ ರೋಡ್'. ಐವತ್ತು ವರ್ಷಗಳ ಹಿಂದೆ ಇಂಗ್ಲೆಂಡಿನ ಬಂದರು ಪಟ್ಟಣವೊಂದರಲ್ಲಿ ಹುಟ್ಟಿದ 'ಟಿನ್ ಹಾರ್ಬರ್' ಎಂಬ ರಾಕ್ ತಂಡದ ಹನ್ನೊಂದು ನಿಮಿಷದ ಹಾಡು. ಆ ತಂಡ ಎಂದೋ ಚದುರಿಹೋಗಿದೆ. ಅದನ್ನು ಇಡಿಯಾಗಿ ನುಡಿಸಬಲ್ಲವರು ಕೃಷ್ಣೆಯ ದಂಡೆಯ ಈ ನೇಕಾರರ ಊರಿನಲ್ಲಿದ್ದಾರೆ ಎಂದರೆ ಆ ಬಂದರಿನವರು ನಂಬುವುದು ಕಷ್ಟ. ಕಳೆದ ತಿಂಗಳವರೆಗೆ ಜಮಖಂಡಿಯವರೂ ನಂಬುತ್ತಿರಲಿಲ್ಲ.

ನಲವತ್ಮೂರರ ಪ್ರತಿಮಾ ಹುಟ್ಟಿದ್ದು ಬನಹಟ್ಟಿಯಲ್ಲಿ. ತಂದೆ ಕೈಮಗ್ಗದ ನೇಕಾರ. ಅಣ್ಣ ಅಮೋಲ ಇಚಲಕರಂಜಿಯ ಮಗ್ಗಗಳಲ್ಲಿ ದುಡಿಯಲು ಹೋದವರು ಒಮ್ಮೆ ಊರಿಗೆ ಬರುವಾಗ ಹಳೆಯ ಗಿಟಾರು, ಹಳೆಯ ಟೇಪ್‌ರೆಕಾರ್ಡರ್ ಮತ್ತು ಒಂದು ಕ್ಯಾಸೆಟ್ ತಂದರು. ಗಿಟಾರು ಕಲಿಯುವ ಹುಮ್ಮಸ್ಸು ಅವರಿಗೆ ಎರಡು ತಿಂಗಳಲ್ಲಿ ಇಳಿಯಿತು. "ಬೆರಳ ಸೀಳಾಕತ್ತಾವ, ನೀನs ಇಟ್ಕೋ ಅಂದ ನಮ್ಮಣ್ಣ," ಎಂದು ಪ್ರತಿಮಾ ನಗುತ್ತಾರೆ. "ನನಗ ಆಗ ಹದಿನಾರ ವರ್ಷ. ಆ ಕ್ಯಾಸೆಟ್ ಹಾಕಿದ್ನಿ ನೋಡ್ರಿ, ಮೈಯಾಗಿನ ಕೂದಲೆಲ್ಲಾ ಎದ್ದ ನಿಂತ್ವು. ಒಂದ ಅಕ್ಷರಾ ತಿಳಿಲಿಲ್ಲ. ಆದ್ರ ಯಾರೋ ನನ್ನ ಹೆಸರ ಹಿಡದ ಕರದಂಗ ಆತು."

ಕಲಿಸುವವರು ಯಾರೂ ಇರಲಿಲ್ಲ. ತಂತಿಗಳನ್ನು ಯಾವ ಶ್ರುತಿಗೆ ಕಟ್ಟಬೇಕು ಎಂಬುದೂ ಗೊತ್ತಿರಲಿಲ್ಲ. ಅದೃಷ್ಟಕ್ಕೆ, ಉಪ್ಪಿನ ಹಾಡು ಶುರುವಾಗುವುದೇ ಗಿಟಾರಿನ ಆರು ತಂತಿಗಳನ್ನು ಒಂದೊಂದಾಗಿ, ಬೆರಳು ಒತ್ತದೆ ಮೀಟುವುದರಿಂದ. ಪ್ರತಿಮಾ ಆ ಒಂದೊಂದು ನಾದವನ್ನೂ ಕೇಳಿ, ಟೇಪು ಹಿಂದಕ್ಕೆ ಸುತ್ತಿ, ಮತ್ತೆ ಕೇಳಿ, ಕಿವಿಯ ಅಂದಾಜಿನಲ್ಲೇ ತಂತಿ ಬಿಗಿಯುವ ಬಿರಡೆಗಳನ್ನು ತಿರುವಿದರು. ಹಾಗೆ ಇಡೀ ಕ್ಯಾಸೆಟ್ಟನ್ನು ಕಲಿತರು. ಎಲ್ಲಕ್ಕಿಂತ ತೆಳುವಾದ, ಮೇಲಿನ ಸ್ವರದ ತಂತಿ ಮಾತ್ರ ಮೇಲಿಂದ ಮೇಲೆ ಕಡಿಯುತ್ತಿತ್ತು. ತಮ್ಮ ಕೈಯೇ ಒರಟು ಎಂದುಕೊಂಡು ಸುಮ್ಮನಾಗುತ್ತಿದ್ದರು.

ರಬಕವಿಯ ತುಕಾರಾಮ ಅವರೊಂದಿಗೆ ಮದುವೆಯಾದಾಗ ಪಾತ್ರೆಪಗಡೆಗಳ ಜೊತೆ ಗಿಟಾರೂ ಟೆಂಪೋ ಏರಿತು. ಅತ್ತೆ ಭಾಗವ್ವ ಅದನ್ನು ತಿರುವಿ ಮುರುವಿ ನೋಡಿ, "ಹೊಟ್ಟಿ ಸಣ್ಣದಾತು, ಆದ್ರೂ ತಂಬೂರಿನs ಇದು," ಎಂದು ತೀರ್ಮಾನ ಕೊಟ್ಟರಂತೆ. ಸೋಮವಾರದ ಭಜನೆಗೆ ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಶ್ರುತಿ ಹಿಡಿಸಿದರು. ಎಂಬತ್ತರ ಹತ್ತಿರದ ಭಾಗವ್ವ ಈಗಲೂ ಅದನ್ನು ತಂಬೂರಿ ಎಂದೇ ಕರೆಯುತ್ತಾರೆ.

ದಿನಕ್ಕೆ ಹತ್ತು ತಾಸು ನಿಂತು ಮಾಡುವ ಕೆಲಸ. ಕಾಲು ಊದಿಕೊಳ್ಳುತ್ತವೆ, ಮಾತು ತಾನಾಗಿಯೇ ಜೋರಾಗುತ್ತದೆ. ಐದಾರು ವರ್ಷಗಳ ಹಿಂದೆ ಮಗ್ಗದ ಲಾಳಿ ಹಳಿ ತಪ್ಪಿ ಹಾರಿ ಪ್ರತಿಮಾ ಅವರ ಎಡ ಮಣಿಕಟ್ಟಿಗೆ ಬಡಿಯಿತು. ಎಲುಬು ಬಿರುಕುಬಿಟ್ಟಿತು. ಪ್ಲಾಸ್ಟರ್ ಬಿಚ್ಚಿದ ಮೇಲೂ ಬೆರಳುಗಳು ಮಡಚುತ್ತಿರಲಿಲ್ಲ. "ಎಳಿ ಗಂಟ ಹಾಕಾಕ ಬರ್ಲಿಲ್ಲಂದ್ರ ಹೊಟ್ಟಿಪಾಡ ಹೆಂಗ ಅನ್ನೂ ಚಿಂತಿ ಒಂದ ಕಡೆ. ಖರೆ ಹೇಳ್ಬೇಕಂದ್ರ, ಗಿಟಾರ ಹ್ವಾತಲ್ಲಾ ಅಂತ ಅತ್ತದ್ದs ಹೆಚ್ಚ," ಎನ್ನುತ್ತಾರೆ ಅವರು.

ಆ ದಿನಗಳಲ್ಲಿ ತುಕಾರಾಮ ಒಂದು ಉಪಾಯ ಮಾಡಿದರು. ಹಿಪ್ಪರಗಿ ಕಡೆಯಿಂದ ಕಬ್ಬು ಹೇರುವ ಟ್ರ್ಯಾಕ್ಟರಿನ ಚಾಲಕ ಅವರು. ಸಂಜೆ ಕೈಕಾಲು ತೊಳೆದು ಹೆಂಡತಿಯ ಎಡಗಡೆ ಕೂತು, ಆಕೆ ಹೇಳಿದ ಜಾಗದಲ್ಲಿ ತಂತಿ ಒತ್ತುತ್ತಿದ್ದರು. ಪ್ರತಿಮಾ ಬಲಗೈಯಿಂದ ಮೀಟುತ್ತಿದ್ದರು. "ಒಂದ ತಂತಿ ಒತ್ರಿ ಅಂದ್ರ ಮೂರ ಒತ್ತಾವ್ರು," ಎಂದು ಪ್ರತಿಮಾ ದೂರುತ್ತಾರೆ. ತುಕಾರಾಮ ತಮ್ಮ ದಪ್ಪ ಬೆರಳುಗಳನ್ನು ನನ್ನ ಮುಂದೆ ಚಾಚುತ್ತಾರೆ: "ಇವು ಸ್ಟೇರಿಂಗ್ ಹಿಡ್ಯೂ ಬೆರಳ್ರಿ. ಬೈಸ್ಕೋತ ಬೈಸ್ಕೋತ ಅರ್ಧಾ ಹಾಡ ಕಲ್ತೆ ನೋಡ್ರಿ."

ಬೆರಳುಗಳು ನಿಧಾನಕ್ಕೆ ಮರಳಿದವು. ಮೊದಲ ಸಲ ಆಕೆ ಒಬ್ಬರೇ ಹಾಡಿನ ಮೊದಲ ಭಾಗ ನುಡಿಸಿದ ದಿನ ತುಕಾರಾಮ ಅದನ್ನು ಮೊಬೈಲಿನಲ್ಲಿ ಹಿಡಿದು ರಿಂಗ್‌ಟೋನ್ ಮಾಡಿಕೊಂಡರು. ಅಲ್ಲಿಂದಲೇ ಎಲ್ಲ ಶುರುವಾಯಿತು.

ಮುಧೋಳದಲ್ಲಿ ಟ್ರ್ಯಾಕ್ಟರಿನ ಬಿಡಿಭಾಗಗಳ ಅಂಗಡಿ ಇಟ್ಟಿರುವ ಬಸವಕುಮಾರ ಆ ದಿನವನ್ನು ಈಗಲೂ ಎದ್ದು ನಿಂತೇ ವರ್ಣಿಸುತ್ತಾರೆ. ತುಕಾರಾಮ ಅಂಗಡಿಯಲ್ಲಿ ಬೇರಿಂಗ್ ಕೊಳ್ಳುತ್ತಿದ್ದಾಗ ಫೋನು ಬಡಿದುಕೊಂಡಿತು. "ನಾ ಧಾರವಾಡದಾಗ ಕಾಲೇಜ ಕಲಿಯುವಾಗಿಂದ ಟಿನ್ ಹಾರ್ಬರ್ ಹುಚ್ಚನ್ರಿ. ನಮ್ಮೂರಾಗ ಆ ಹೆಸರ ಕೇಳಿದಾವ್ರs ಇಲ್ಲ. ಇಂವಾ ಎಣ್ಣಿ ಕೈಯಾಗ ಫೋನ ಹಿಡ್ಕೊಂಡ ನಿಂತಾನ, ಫೋನಿನ್ಯಾಗ ಸಾಲ್ಟ್ ರೋಡ್! ಅದೂ ಮೂಲದ್ದಲ್ಲ, ಯಾರೋ ಬಾರಿಸಿದ್ದು! ಯಾರಪಾ ಇದು ಅಂದೆ. ನಮ್ಮ ಮನಿಯಾಕಿ ಅಂದ. ಶಟರ್ ಎಳದೆ, ಗಾಡಿ ಹತ್ತಿದೆ, ಅವನ ಟ್ರ್ಯಾಕ್ಟರ್ ಹಿಂದs ರಬಕವಿಗೆ ಬಂದೆ."

ಬಸವಕುಮಾರ ಡ್ರಮ್ಸ್ ನುಡಿಸುತ್ತಾರೆ. ಜಮಖಂಡಿಯಲ್ಲಿ ಕನ್ನಡಕದ ಅಂಗಡಿ ಇಟ್ಟಿರುವ ಸಂಜಯ ತಗ್ಗಿನ ಸ್ವರಗಳ ಬೇಸ್ ಗಿಟಾರು ಹಿಡಿದರು. ಬೀಳಗಿಯ ಪ್ರಯೋಗಾಲಯವೊಂದರಲ್ಲಿ ರಕ್ತಪರೀಕ್ಷೆ ಮಾಡುವ ಅಕ್ಷತಾ ಹಾಡಲು ಬಂದರು. ಮಗ್ಗದ ಮಾಲೀಕರಾದ ಚನಮಲ್ಲಪ್ಪ, ಎಳೆಗಳಿಗೆ ಕೈ ಹಚ್ಚಬಾರದು ಎಂಬ ಒಂದೇ ಕಟ್ಟಳೆ ಹಾಕಿ ವಾರದ ರಜೆಯ ದಿನ ಶೆಡ್ಡು ಬಿಟ್ಟುಕೊಟ್ಟರು. ವಾಟ್ಸಾಪ್ ಗುಂಪೊಂದು ಹುಟ್ಟಿತು. ಹಾಡಿನ ನಡುವೆ ಬರುವ ಚಟಪಟ ಸದ್ದು ಮಳೆಯದೋ, ಏನೋ ಹುರಿಯುತ್ತಿರುವುದೋ? ಕೊನೆಯ ನಾದ ಬೇಕೆಂದೇ ನುಡಿಸಿದ್ದೋ, ಬೆರಳು ಜಾರಿ ಬಂದದ್ದೋ? ಊಟದ ಹೊತ್ತಿನಲ್ಲೂ ವಾದ ನಿಲ್ಲುತ್ತಿರಲಿಲ್ಲ. ಕೊನೆಯ ನಾದ ತಪ್ಪಾಗಿ ಬಂದದ್ದು ಎಂದು ಸಂಜಯ ಬರೆದಾಗ ಪ್ರತಿಮಾ ತಾವೇ ಸಂಜಯ ಅವರಿಗೆ ಫೋನ್ ಮಾಡಿ ಜಗಳವಾಡಿದರಂತೆ. "ತಪ್ಪ ಹೆಂಗಾಕೈತ್ರಿ? ಹನ್ನೊಂದ ನಿಮಿಷ ನಡದ ನಡದ ದಣದ ಕುಂತಂಗ ಬರ್ತೈತಿ ಅದು!"

ಮೊದಲ ಅಭ್ಯಾಸದ ದಿನ ಮಾತ್ರ ಎದೆ ಒಡೆಯುವಂಥದ್ದು ನಡೆಯಿತು. ಸಂಜಯ ಮತ್ತು ಪ್ರತಿಮಾ ಒಟ್ಟಿಗೆ ನುಡಿಸಲು ತೊಡಗಿದ್ದೇ ತಡ, ಕಿವಿ ಕಚ್ಚುವಂಥ ಅಪಸ್ವರ. ನಿಲ್ಲಿಸಿದರು, ಮತ್ತೆ ನುಡಿಸಿದರು. ಅದೇ ಅಪಸ್ವರ. ಸಂಜಯ ಮೊಬೈಲಿನಲ್ಲಿ ಮೂಲ ಹಾಡು ಹಚ್ಚಿದರು. ಅವರ ಬೇಸ್ ಅದಕ್ಕೆ ಸರಿಯಾಗಿ ಹೊಂದಿತು. ಪ್ರತಿಮಾ ಅವರ ಆರೂ ತಂತಿಗಳು ಅರ್ಧ ಸ್ವರ ಮೇಲಿದ್ದವು. ಹಾರ್ಮೋನಿಯಂ ಲೆಕ್ಕದಲ್ಲಿ ಹೇಳುವುದಾದರೆ ಹಾಡು ಬಿಳಿ ಮೂರರಲ್ಲಿತ್ತು, ಪ್ರತಿಮಾ ಬಿಳಿ ನಾಲ್ಕರಲ್ಲಿದ್ದರು.

ತಪ್ಪು ಕಿವಿಯದಾಗಿರಲಿಲ್ಲ. ಅಮೋಲ ತಂದ ಟೇಪ್‌ರೆಕಾರ್ಡರಿಗೆ ಹಿಂದೊಮ್ಮೆ ಯಾರೋ ಬೇರೆ ಮೋಟಾರು ಕೂರಿಸಿದ್ದರು. ಅದು ತುಸು ವೇಗವಾಗಿ ಓಡುತ್ತಿತ್ತು. ಟೇಪು ವೇಗವಾಗಿ ಓಡಿದರೆ ಸ್ವರವೂ ಏರುತ್ತದೆ. ಏರಿದ ಸ್ವರಕ್ಕೆ ಪ್ರತಿಮಾ ತಂತಿ ಬಿಗಿದಿದ್ದರು. ಮೇಲಿನ ತಂತಿ ಅಷ್ಟೊಂದು ಕಡಿಯುತ್ತಿದ್ದುದಕ್ಕೂ ಅದೇ ಕಾರಣ.

ಬಿರಡೆ ತಿರುವಿ ತಂತಿ ಸಡಿಲಿಸಿದರೆ ಮುಗಿಯಿತಲ್ಲ ಎಂದು ಎಲ್ಲರೂ ಸಮಾಧಾನ ಹೇಳಿದರು. ಪ್ರತಿಮಾ ಸಡಿಲಿಸಿದರು, ನುಡಿಸಿದರು, ಎಲ್ಲವೂ ಹೊಂದಿತು. ಆದರೆ ಮುಂದಿನ ರಜೆಯ ದಿನ ಅವರು ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. "ತಂತಿ ಸಡ್ಲ ಬಿಟ್ಟ ಮ್ಯಾಲ ಅದು ನನ್ನ ಹಾಡs ಅಲ್ಲ ಅನಸ್ತ್ರಿ. ಇಷ್ಟ ವರ್ಷ ನಾ ಕೇಳಿದ್ದs ಸುಳ್ಳಂದ್ರ, ಏನ ಮಾಡೂದ್ರಿ?" ಇದನ್ನು ಹೇಳುವಾಗ ಈಗಲೂ ಅವರ ದನಿ ತಗ್ಗುತ್ತದೆ.

ಅತ್ತ ಅಕ್ಷತಾ ಅವರದು ಬೇರೆಯೇ ಸಂಕಟ. ಮೂಲ ಹಾಡು ಗಂಡಸಿನ ದನಿಯದು. ಅದರ ಶ್ರುತಿಯಲ್ಲಿ ಹಾಡಿದರೆ ಕೆಳಗಿನ ಸಾಲುಗಳಲ್ಲಿ ಅಕ್ಷತಾ ದನಿ ಗಾಳಿಯಾಗಿಬಿಡುತ್ತಿತ್ತು. ಎಷ್ಟು ಯತ್ನಿಸಿದರೂ ಆಗಲಿಲ್ಲ. ಒಂದು ದಿನ ಕೆಲಸ ಮುಗಿಸಿದವರೇ ಬಸ್ಸು ಹತ್ತಿ ಒಬ್ಬರೇ ರಬಕವಿಗೆ ಬಂದು ಪ್ರತಿಮಾ ಅವರ ಮನೆಯ ಕಟ್ಟೆಯ ಮೇಲೆ ಕೂತರು. "ಅಕ್ಕಾ, ನಿಮ್ಮ ಮೊದ್ಲಿನ ಶ್ರುತಿಗೆ ಕಟ್ರಿ. ಒಂದ ಸಲ ನೋಡೂಣು."

ಪ್ರತಿಮಾ ಒಲ್ಲೆ ಎಂದರು. ಅಕ್ಷತಾ ಏಳಲಿಲ್ಲ. ಒಳಗಿನಿಂದ ಭಾಗವ್ವ, "ತಂಬೂರಿ ಕೇಳಾಕತ್ತಾಳ, ಕೊಡs ಬೇ," ಎಂದು ಗದರಿದರು. ಕೊನೆಗೆ ಗಿಟಾರು ಹೊರಗೆ ಬಂತು. ತಂತಿಗಳು ಹಳೆಯ ಬಿಗಿಗೆ ಏರಿದವು. ಅಕ್ಷತಾ ಹಾಡತೊಡಗಿದರು. ಕೆಳಗಿನ ಸಾಲುಗಳು ಗಂಟಲಲ್ಲಿ ಗಟ್ಟಿಯಾಗಿ ನಿಂತವು, ಮೇಲಿನ ಸಾಲುಗಳಲ್ಲಿ ದನಿ ಓಣಿಯ ಕೊನೆಯವರೆಗೆ ಹೋಯಿತು. ಎದುರು ಮನೆಯವರು ಬಾಗಿಲಿಗೆ ಬಂದು ನಿಂತರು. ಹಾಡು ಮುಗಿಯುವ ಮೊದಲೇ ಅಕ್ಷತಾ ಅಳುತ್ತ ನಗುತ್ತಿದ್ದರು. ಅಲ್ಲಿಂದಲೇ ಬಸವಕುಮಾರ ಅವರಿಗೆ ಫೋನ್ ಮಾಡಿ ಕೂಗಿದರು: "ಅಕ್ಕಾ ಇಳಿಯೂದ ಬ್ಯಾಡ್ರಿ! ನಾವs ಏರೂಣು!"

ಹಾಗೆ ಟಿನ್ ಹಾರ್ಬರಿನ ಹಾಡುಗಳು ಈ ನಾಲ್ಕು ಊರುಗಳ ಮಟ್ಟಿಗೆ ಅರ್ಧ ಸ್ವರ ಮೇಲೇರಿದವು. ಸಂಜಯ ತಮ್ಮ ಬೇಸಿನ ತಂತಿಗಳನ್ನು ಬಿಗಿದರು. ವಾದಕ್ಕೆ ಯಾವಾಗಲೂ ಮುಂದಿರುವ ಅವರು ಈ ಸಲ ಎರಡು ಮಾತನಾಡಲಿಲ್ಲ. "ಆಕಿ ದನಿ ಕೇಳಿದ ಮ್ಯಾಲ ವಾದ ಏನ್ ಮಾಡ್ತೀರಿ?" ಎಂದರು ನನಗೆ.

ಕಳೆದ ತಿಂಗಳು ಜಮಖಂಡಿಯ ಸಭಾಭವನವೊಂದರಲ್ಲಿ ಅವರ ಮೊದಲ ಕಾರ್ಯಕ್ರಮ ನಡೆಯಿತು. ರಬಕವಿ–ಬನಹಟ್ಟಿಯ ನೇಕಾರರು ಟೆಂಪೋ ಮಾಡಿಕೊಂಡು ಬಂದರು. ಮುಧೋಳ, ಲೋಕಾಪುರದಿಂದ ಬಸವಕುಮಾರ ಅವರ ಗಿರಾಕಿಗಳು ಬಂದರು. ಹೆಚ್ಚಿನವರಿಗೆ ಆ ತಂಡದ ಹೆಸರೂ ಗೊತ್ತಿರಲಿಲ್ಲ. ಪ್ರತಿಮಾ ತಾವೇ ನೇಯ್ದ ಕೆಂಪು ಸೀರೆ ಉಟ್ಟು ವೇದಿಕೆ ಹತ್ತಿದರು. "ಕಾಲ ನಡಗಾಕತ್ತಿದ್ವು. ಆಮ್ಯಾಲ ನೆನಪಾತು, ನಿಂತ ಕೆಲಸಾ ಮಾಡೂದ ನನಗ ಹೊಸದೇನಲ್ಲಲ್ಲಾ ಅಂತ."

ಕೊನೆಯ ಹಾಡು ಸಾಲ್ಟ್ ರೋಡ್. ನಡುವಿನ ಗಿಟಾರಿನ ಭಾಗ ಏರುತ್ತಾ ಹೋಗುವಾಗ ಮೇಲಿನ ತಂತಿ ಕಡಿಯಿತು. ಸಾಲುಗಟ್ಟಿ ಕೂತವರಿಗೂ ಆ ಸದ್ದು ಕೇಳಿಸಿತು. ಬಸವಕುಮಾರ ಕೈ ಬಿಡದೆ ಅದೇ ಲಯವನ್ನು ತಿರುಗಿಸುತ್ತ ಉಳಿದರು, ಸಂಜಯ ಅವರ ಜೊತೆ ನಿಂತರು. ಪ್ರತಿಮಾ ಒಂದು ಗಳಿಗೆ ಕಣ್ಣು ಮುಚ್ಚಿದರು. ಆಮೇಲೆ ಕೈಯನ್ನು ಗಿಟಾರಿನ ಕೊರಳಿನ ಕೆಳತುದಿಯವರೆಗೆ ಜಾರಿಸಿ, ಎರಡನೆಯ ತಂತಿಯ ಮೇಲೇ ಆ ಮೇಲಿನ ಸ್ವರಗಳನ್ನು ಹಿಡಿದರು. ಯಾವತ್ತೂ ಹಾಗೆ ನುಡಿಸಿದವರಲ್ಲ. ಕೊನೆಯ, ತುಟ್ಟತುದಿಯ ಸ್ವರ ಬಂದಾಗ ಬಸವಕುಮಾರ ಡ್ರಮ್ಮಿನ ಹಿಂದೆ ಎದ್ದೇ ನಿಂತರು. ಸಭಾಭವನವೂ ಎದ್ದಿತು. ಹಿಂದಿನ ಸಾಲಿನಿಂದ ನೇಕಾರರೊಬ್ಬರು, "ನಮ್ಮ ಶೆಡ್ಡಿನ ಪ್ರತಿಮಾರೀ ಆಕಿ!" ಎಂದು ಅಪರಿಚಿತರ ಹೆಗಲು ಅಲುಗಿಸಿ ಅಲುಗಿಸಿ ಹೇಳುತ್ತಿದ್ದರು. ಬಾಗಿಲ ಹತ್ತಿರ ನಿಂತಿದ್ದ ತುಕಾರಾಮ ಚಪ್ಪಾಳೆ ತಟ್ಟುವುದನ್ನೂ ಮರೆತಿದ್ದರು.

ಮರುದಿನ ಆರು ಗಂಟೆಗೆ ಪ್ರತಿಮಾ ಮಗ್ಗದ ಮುಂದಿದ್ದರು. ಈಗ ಶೆಡ್ಡಿನ ಹೆಣ್ಣುಮಕ್ಕಳು ಗಿಟಾರು ಮುಟ್ಟಿ ನೋಡುತ್ತಾರೆ. ಲಾಳಿಯ ಕಂಡಿಕೆಗೆ ನೂಲು ಸುತ್ತುವ ವೈಶಾಲಿ ಮೊದಲ ಮೂರು ತಂತಿಗಳ ಪಾಠ ಕಲಿಯತೊಡಗಿದ್ದಾರೆ. ಬೀಳಗಿಯಿಂದಲೂ ಒಂದು ಕಾರ್ಯಕ್ರಮಕ್ಕೆ ಕರೆ ಬಂದಿದೆ.

ಇನ್ನೇನು ಆಸೆ ಎಂದು ಕೇಳಿದೆ. ಹೊಸ ಗಿಟಾರು, ದೊಡ್ಡ ವೇದಿಕೆ ಎಂಬ ಉತ್ತರಕ್ಕೆ ನಾನು ತಯಾರಿದ್ದೆ. ಪ್ರತಿಮಾ ಮಗ್ಗ ನಿಲ್ಲಿಸಿದರು. ಶೆಡ್ಡಿನ ಆ ಮೂಲೆಯ ಸದ್ದು ತುಸು ಇಳಿಯಿತು.

"ನನ್ನ ಕ್ಯಾಸೆಟ್ಟಿನ್ಯಾಗ ಇದ್ದದ್ದು ಅವರ ಒಂದs ಆಲ್ಬಮ್‌ರಿ. ಇನ್ನೂ ಎಷ್ಟೋ ಅದಾವಂತ. ಎಲ್ಲಾ ಮೊಬೈಲನ್ಯಾಗs ಸಿಗತಾವ, ಈಗs ಕೇಳಬೋದು. ನಾ ಕೇಳಿಲ್ರಿ. ಒಂದ ಹಾಡ ಪೂರಾ ಕೈಗೆ ಹತ್ತಿದ ಮ್ಯಾಲs ಇನ್ನೊಂದ ಅಂತ ಇಟ್ಟೇನಿ. ಸಾಲ್ಟ್ ರೋಡ್ ಮುಗೀತು ಅಂತ ಮೊನ್ನೆ ಎಲ್ಲಾರೂ ಒಪ್ಪಿದ್ರು. ಈ ರಜಾದಿನ ಮೊಬೈಲನ್ಯಾಗ ಹೊಸ ಹಾಡೊಂದ ಹಚ್ಚತಾರ. ಯಾವುದು ಅಂತ ಯಾರೂ ಹೇಳಬ್ಯಾಡ್ರಿ ಅಂದೇನಿ."

ಹಿಡಿಕೆಗೆ ಕೈ ಹಾಕಿದವರು ಮತ್ತೆ ನನ್ನತ್ತ ತಿರುಗಿದರು. ಮುಖದ ತುಂಬ ನಗು.

"ಇನ್ನ ಮೂರs ದಿನಾ ಐತ್ರಿ. ನಿದ್ದಿನs ಬರವಲ್ದು."