ಸ್ಕ್ರೂಡ್ರೈವರಿಗೆ ಕೇಳಿಸಿದ್ದು

ಭವಿಷ್ಯ, ಶಕುನ ಎಂದು ಯಾರಾದರೂ ಶುರು ಮಾಡಿದರೆ ಎದ್ದುಹೋಗುವವನು ನಾನು. ಈಗಲೂ ಹಲ್ಲಿ ಲೊಚಗುಟ್ಟಿದರೆ ಕೃಷ್ಣ ಕೃಷ್ಣ ಎಂದು ನೆಲ ತಟ್ಟುವವನಲ್ಲ. ಆದರೆ ಈ ಒಂದು ಸಂಗತಿಯನ್ನು ಮಾತ್ರ ತಳ್ಳಿಹಾಕಲಾರೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ನಾನು ಗುಮಾಸ್ತ, ಪುಟ್ಟಸ್ವಾಮಪ್ಪನವರು ಹಿರಿಯ ಫಿಟ್ಟರ್. ಓಡುವ ಮೋಟಾರಿಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಆನಿಸಿ, ಹಿಡಿಯನ್ನು ಕಿವಿಗೊತ್ತಿಕೊಂಡು, ಒಳಗಿನ ಬೇರಿಂಗ್ ಎಷ್ಟು ದಿನ ಬಾಳುತ್ತದೆಂದು ಹೇಳುತ್ತಿದ್ದರು. ಅದೇನೂ ಪವಾಡವಲ್ಲ, ಒಳ್ಳೆಯ ಫಿಟ್ಟರುಗಳೆಲ್ಲ ಮಾಡುವುದೇ.

ಒಂದು ದಿನ ಊಟದ ಹೊತ್ತಿನಲ್ಲಿ, "ನನ್ ಮೋಟಾರೂ ಒಂಚೂರು ನೋಡ್ಬುಡಿ ಸ್ವಾಮಪ್ನೋರೇ," ಎಂದು ತಮಾಷೆಗೆ ಎದೆಯೊಡ್ಡಿದೆ. ಎಲ್ಲರೂ ನಕ್ಕರು. ಅವರೂ ನಗುತ್ತಲೇ ಅಂಗಿಯ ಮೇಲೆ ತುದಿಯಿಟ್ಟರು. ಆಮೇಲೆ ಅವರ ನಗು ನಿಂತಿತು. ಹಿಡಿಗೆ ಕಿವಿಯನ್ನು ಇನ್ನಷ್ಟು ಒತ್ತಿದರು.

"ವಾಲ್ವು ಸರ್ಯಾಗಿ ಕೂರ್ತಿಲ್ಲ ಕಣಪ್ಪ. ಡಾಕ್ಟ್ರಿಗೆ ತೋರ್ಸು," ಎಂದರು. ತುದಿ ತೆಗೆಯುತ್ತ, "ಚಿಕ್ಕೋಳ್ನೂ ಕರ್ಕೊಂಡೋಗು," ಎಂದರು.

ನನಗಿಬ್ಬರು ಹೆಣ್ಣುಮಕ್ಕಳು. ಪುಟ್ಟಸ್ವಾಮಪ್ಪನವರು ನಮ್ಮ ಮನೆಗೆ ಬಂದವರಲ್ಲ, ಮಕ್ಕಳನ್ನು ಕಂಡವರೂ ಅಲ್ಲ. ಸಿಟ್ಟು ನೆತ್ತಿಗೇರಿತು. "ನನ್ನ ಬೇಕಾದ್ರೆ ಆಡ್ಕೊಳಿ, ಮಕ್ಕಳ ಸುದ್ದಿ ಬ್ಯಾಡ!" ಎಂದು ಡಬ್ಬಿ ಮುಚ್ಚಿ ಎದ್ದುಬಂದೆ.

ಹಾರಾಡಿದ್ದೇನೋ ಸರಿ, ರಾತ್ರಿ ನಿದ್ದೆ ಬರಬೇಕಲ್ಲ! ವಾರದೊಳಗೆ ಡಾಕ್ಟರ ಮುಂದೆ ಕೂತಿದ್ದೆ. ಅವರು ಸ್ಕ್ಯಾನ್ ಮಾಡಿ, ಚಿತ್ರ ಬರೆದು ವಿವರಿಸಿದರು. ಹೃದಯದಿಂದ ಮೈಗೆಲ್ಲ ರಕ್ತ ಹೋಗುವ ಬಾಗಿಲಿಗೆ ಮೂರು ಎಸಳು ಇರಬೇಕು. ನನಗೆ ಹುಟ್ಟಿನಿಂದ ಎರಡೇ. ಎಷ್ಟೋ ವರ್ಷ ಏನೂ ಗೊತ್ತಾಗುವುದಿಲ್ಲ. ಬರುಬರುತ್ತ ಎಸಳು ಗಡುಸಾಗಿ ದಾರಿ ಕಿರಿದಾಗಬಹುದು, ರಕ್ತ ಹಿಂದಕ್ಕೆ ಸೋರಬಹುದು, ಮೇಲಿನ ರಕ್ತನಾಳ ಉಬ್ಬಬಹುದು. ವರ್ಷವರ್ಷ ತೋರಿಸುತ್ತಿರಬೇಕು. "ವಂಶದಲ್ಲಿ ಬರೋದುಂಟು. ಮಕ್ಕಳಿಬ್ಬರನ್ನೂ ಕರ್ಕೊಂಡು ಬನ್ನಿ," ಎಂದರು.

ದೊಡ್ಡವಳು ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವವಳು. ಒಂಬತ್ತರ ಚಿಕ್ಕವಳು ಬೀದಿಗೆಲ್ಲ ಓಟದಲ್ಲಿ ಮೊದಲು. ದೊಡ್ಡವಳದು ಸರಿಯಿದೆ ಎಂದಾಗ ಹೆಂಡತಿ ಕೈಮುಗಿದಳು. ನಾನು ಮಾತ್ರ ಚಿಕ್ಕವಳ ಕೈ ಬಿಡಲಿಲ್ಲ. ಚಿಕ್ಕವಳನ್ನು ಮಲಗಿಸಿದರು. ಡಾಕ್ಟರು ಪರದೆಯತ್ತ ಇನ್ನಷ್ಟು ಬಾಗಿದರು, ಪುಟ್ಟಸ್ವಾಮಪ್ಪನವರು ಹಿಡಿಗೆ ಕಿವಿಯೊತ್ತಿದ ಹಾಗೆಯೇ. ಕೊನೆಗೆ ನನ್ನ ಕಡೆ ತಿರುಗಿ ಎರಡು ಬೆರಳು ತೋರಿಸಿದರು.

ಮರುದಿನ ಹೋಗಿ ಪುಟ್ಟಸ್ವಾಮಪ್ಪನವರ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಚಿಕ್ಕವಳ ವಿಷಯ ಹೇಗೆ ಗೊತ್ತಾಯಿತೆಂದು ಕೇಳಿದೆ. ಅವರು ಗಾಬರಿಯಾದರು. "ವಾಲ್ವಿನ್ ಸದ್ದು ಕೇಳುಸ್ತು, ಹೇಳ್ದೆ. ಮಗು ಸುದ್ದಿ ನಾನೆಲ್ಲಿ ಎತ್ತಿದ್ನಪ್ಪಾ? ನೀನೇ ಇದ್ದಕ್ಕಿದ್ದಂಗೆ ಮಕ್ಕಳ ಸುದ್ದಿ ಬ್ಯಾಡ ಅಂತ ರೇಗ್ಬುಟ್ಟೆ. ಯಾಕೇಂತ ಯಾರ್ಗೂ ಗೊತ್ತಾಗ್ಲಿಲ್ಲ."

ಅಂದು ಜೊತೆಗೆ ಊಟಕ್ಕೆ ಕೂತಿದ್ದ ನಾಲ್ವರನ್ನೂ ಕೇಳಿದೆ. ವಾಲ್ವಿನ ಮಾತು ಎಲ್ಲರಿಗೂ ನೆನಪಿತ್ತು. ಚಿಕ್ಕವಳ ಮಾತು ಕೇಳಿದವರು ಒಬ್ಬರೂ ಇಲ್ಲ.

ಈಗ ಚಿಕ್ಕವಳಿಗೇ ಮಗುವಾಗಿದೆ. ಮುಂದಿನ ಸೋಮವಾರ ಅದರ ಸ್ಕ್ಯಾನ್. ಎತ್ತಿಕೊಂಡಾಗಲೆಲ್ಲ ಉಸಿರು ಬಿಗಿಹಿಡಿದು ಕಿವಿಗೊಡುತ್ತೇನೆ. ಈ ಸಲ ಯಾರೂ ಏನೂ ಹೇಳುತ್ತಿಲ್ಲ.