ಪಂಪ್‌ಹೌಸಿನ ಟೈಮರ್

ನಮ್ಮ ತೋಟಕ್ಕೂ ಚಿಕ್ಕಪ್ಪನ ತೋಟಕ್ಕೂ ಇದ್ದದ್ದು ಒಂದೇ ಕೆರೆ, ಒಂದೇ ಕರೆಂಟ್ ಲೈನು. ಮೋಟರು ಮಾತ್ರ ಎರಡು. ಎರಡನ್ನೂ ಒಟ್ಟಿಗೆ ಹಾಕಿದರೆ ಫ್ಯೂಸ್ ಹೋಗುತ್ತಿತ್ತು. ಅಪ್ಪನೂ ಚಿಕ್ಕಪ್ಪನೂ ಮಾತು ಬಿಟ್ಟಿದ್ದರಿಂದ, ಯಾರ ಸರದಿ ಮೊದಲು ಎಂದು ಹೇಳಲು ಪ್ರತಿ ಬೇಸಿಗೆ ಜಾವಳಿಯಿಂದ ನೆಂಟರು ಯಾರಾದರೂ ಬರಬೇಕಿತ್ತು. ತೊಂಬತ್ತರ ದಶಕದ ಕೊನೆಯಲ್ಲೊಮ್ಮೆ, ಆ ಕೆಲಸವನ್ನು ಕಂಪ್ಯೂಟರಿಗೆ ಕೊಡೋಣ ಎಂದೆ. ಕಂಪ್ಯೂಟರಿಗೆ ನೆಂಟರಿಲ್ಲ ಎಂಬ ಕಾರಣಕ್ಕೆ ಇಬ್ಬರೂ ಒಪ್ಪಿದರು.

ಆಗ ನಾನು ಮೂಡಿಗೆರೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಒಂದು ಸ್ವಿಚ್ಚಿನ ಕೆಲಸಕ್ಕೆ, ಪ್ರೊಸೆಸರಿನ ಪೂರ್ತಿ ಶಕ್ತಿ ಬಳಸುವ ಪ್ರೊಟೆಕ್ಟೆಡ್ ಮೋಡ್ ಬೇಕಿರಲಿಲ್ಲ. ಆದರೆ ಅದನ್ನು ಹೊಸದಾಗಿ ಕಲಿತಿದ್ದೆ, ತೋರಿಸದೆ ಇರಲಾಗಲಿಲ್ಲ. ಅಲ್ಲಿ ಯಾವ ಇಂಟರಪ್ಟ್ ಬಂದರೆ ಎಲ್ಲಿಗೆ ಹೋಗಬೇಕು ಎಂಬುದನ್ನೂ ನಾವೇ ಹೇಳಿಕೊಡಬೇಕು. ಟೈಮರ್ ಚಿಪ್ಪು ಆಗಾಗ ಪ್ರೊಸೆಸರನ್ನು ತಡೆದು ಕರೆಯುತ್ತದೆ, ಅದೇ ಇಂಟರಪ್ಟ್. ಆ ಕರೆಗಳನ್ನು ಎಣಿಸುತ್ತಾ, ಕಾಲು ಗಂಟೆಯಾದಾಗ ನಡೆಯುತ್ತಿದ್ದ ಕೆಲಸ ಎಲ್ಲಿಗೆ ಬಂತೆಂದು ಹೇಳುವ ರಿಜಿಸ್ಟರುಗಳನ್ನು ಎತ್ತಿಟ್ಟು, ಇನ್ನೊಂದು ಕೆಲಸವನ್ನು ಅದು ನಿಂತಲ್ಲಿಂದಲೇ ಮುಂದುವರಿಸಬೇಕು. ಅಪ್ಪನ ಮೋಟರು ಒಂದು ಟಾಸ್ಕ್, ಚಿಕ್ಕಪ್ಪನದು ಇನ್ನೊಂದು.

ಮೊದಲ ದಿನ ಅಪ್ಪನ ಮೋಟರು ಶುರುವಾಯಿತು, ನಿಲ್ಲಲೇ ಇಲ್ಲ. ಒಂದು ಇಂಟರಪ್ಟ್ ಮುಗಿದ ಮೇಲೆ ಮುಗಿಯಿತು ಎಂದು ಕಂಟ್ರೋಲರ್ ಚಿಪ್ಪಿಗೆ ತಿಳಿಸದಿದ್ದರೆ ಅದು ಮುಂದಿನದನ್ನು ಕಳಿಸುವುದಿಲ್ಲ. ನಾನು ತಿಳಿಸಿರಲಿಲ್ಲ.

"ಅಪ್ಪ ಯಾರು ಅಂತ ಅದಕ್ಕೂ ಗೊತ್ತು ಮಾರಾಯ" ಎಂದರು ಚಿಕ್ಕಪ್ಪ.

ಒಂದು ಸಾಲು ಸೇರಿಸಿದೆ, ಸರಿಹೋಯಿತು. ಮುಂದೆ ಎಲ್ಲವೂ ನ್ಯಾಯವಾಗಿ ನಡೆಯಿತು, ತೊಂದರೆಯಾದದ್ದೂ ಅದರಿಂದಲೇ. ರೊಬಸ್ಟಾ ಕಾಫಿಯ ಮೊಗ್ಗಿಗೆ ನೀರು ಕೊಟ್ಟರೆ ಪೂರ್ತಿ ಕೊಡಬೇಕು, ಅರೆಬರೆ ನೆನೆದರೆ ಅರಳುವುದಿಲ್ಲ. ನಮ್ಮ ಕಡೆ ಸ್ಪ್ರಿಂಕ್ಲರ್ ಪೈಪು ಬದಲಿಸುವವರು ಹೊತ್ತು ನೋಡಿ ಬದಲಿಸುತ್ತಾರೆ. ಬೆಳಿಗ್ಗೆ ಜೋಡಿಸಿದ್ದನ್ನು ಊಟಕ್ಕೆ ಹೋಗುವ ಮುಂಚೆ ಮುಂದಿನ ಪಟ್ಟೆಗೆ ಎಳೆಯುತ್ತಾರೆ. ನಡುವೆ ಮೋಟರು ಎಷ್ಟು ಹೊತ್ತು ಓಡಿತು ಎಂದು ಕೇಳುವ ಪದ್ಧತಿಯೇ ಇಲ್ಲ. ಹೀಗೆ ಎರಡೂ ತೋಟಕ್ಕೆ ಸರಿಸಮನಾಗಿ ಅರ್ಧರ್ಧ ನೀರು ಬಿತ್ತು. ಮೊದಲು ನೀರು ಕಂಡ ಪಟ್ಟೆಗಳಲ್ಲಿ ಮೊಗ್ಗು ಗುಲಾಬಿ ಬಣ್ಣಕ್ಕೆ ತಿರುಗಿ ಅಷ್ಟಕ್ಕೇ ನಿಂತಿತು. ಕೆರೆಯಲ್ಲಿ ಉಳಿದದ್ದು ಒಬ್ಬರ ತೋಟಕ್ಕಾಗುವಷ್ಟು ನೀರು. ಮಳೆಯ ಸುಳಿವಿಲ್ಲ.

ಅಪ್ಪ ಪಂಪ್‌ಹೌಸಿಗೆ ಬಂದು ಟೈಮರ್ ನಿಲ್ಲಿಸಬಹುದೇ ಎಂದು ಕೇಳಿದರು. ಇಂಟರಪ್ಟ್ ಮುಚ್ಚಿದರೆ ಒಂದೇ ಟಾಸ್ಕ್ ಓಡುತ್ತಿರುತ್ತದೆ ಎಂದೆ. ಯಾವುದು ಎಂದು ಕೇಳುವ ಅಗತ್ಯ ಕಾಣದೆ, ನಮ್ಮದನ್ನೇ ಉಳಿಸಲು ಹೊರಟೆ.

"ಅವಂದೇ ಓಡ್ಲಿ" ಎಂದರು ಅಪ್ಪ. "ನಮಗೆ ಮೇಲಿನ ತೋಟದಲ್ಲಿ ಅರೇಬಿಕಾನಾದ್ರೂ ಇದೆ. ಅವನಿಗೆ ಇರೋದು ಇದೊಂದೇ."

ಮರುದಿನ ಚಿಕ್ಕಪ್ಪ ಬಂದಾಗ ಅವರ ಮೋಟರು ಒಂದೇ ಸಮನೆ ಓಡುತ್ತಿತ್ತು. ಕಂಪ್ಯೂಟರ್ ಮತ್ತೆ ಕೆಟ್ಟಿತೇ ಎಂದು ಕೇಳಿದರು. ಕೆಟ್ಟಿಲ್ಲ, ಹೀಗೆ ಮಾಡು ಎಂದದ್ದು ಅಪ್ಪ ಎಂದೆ. ಅವರು ಮಾನಿಟರನ್ನು ಬಹಳ ಹೊತ್ತು ನೋಡಿದರು. ಅದರಲ್ಲಿ ನೋಡುವಂಥದ್ದೇನೂ ಇರಲಿಲ್ಲ.

"ಅಣ್ಣನೇ ಹೇಳಿದ್ನಾ?"

ಹೌದೆಂದೆ. ಅವರು ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡು ನಮ್ಮ ಮನೆಯ ದಾರಿ ಹಿಡಿದರು.