ಪಿಲ್ಲಿಯ ಬಾಲ್ಯಕ್ಕೆ ಯಾರು ಸಾಕ್ಷಿ

ಅವಳಿಗೆ ಚೆಲ್ಲಾಪಿಲ್ಲಿ ಎಂದು ಹೆಸರಿಟ್ಟವಳು ಹೆತ್ತ ತಾಯಿಯೇ. ಬೆಳಿಗ್ಗೆ ಕೈಗೆ ಕೊಟ್ಟ ಪೆನ್ಸಿಲ್ ಸಂಜೆಯೊಳಗೆ ಮಂಗಮಾಯ, ಊಟದ ಡಬ್ಬಿ ಒಂದು ಕಡೆ, ಅದರ ಮುಚ್ಚಳ ಇನ್ನೊಂದು ಕಡೆ, ಕೂಡುವ ಲೆಕ್ಕ ಅರ್ಧಕ್ಕೆ ಬರುವಷ್ಟರಲ್ಲಿ ಹುಡುಗಿ ಕಿಟಕಿಯ ಹತ್ತಿರ. ಚಿಕ್ಕಂದಿನಲ್ಲಿ ಅಂಟಿದ ಹೆಸರು ಬರಬರುತ್ತ ಸವೆದು ಪಿಲ್ಲಿ ಆಯಿತು. ಕಟ್ಟಿಕೊಂಡ ಗಂಡನೂ ಹಾಗೇ ಕರೆದ, ಅವಳು ಕೂದಲು ಕತ್ತರಿಸುವ ಪಾರ್ಲರಿನ ಗಿರಾಕಿಗಳೂ ಹಾಗೇ ಕರೆದರು. ಕರೆಸಿಕೊಂಡು ಕರೆಸಿಕೊಂಡು ಅದರಲ್ಲಿ ಬೈಗುಳ ಕೇಳಿಸುವುದೇ ನಿಂತುಹೋಗಿತ್ತು.

ತಾಯಿ ಪ್ರಾಥಮಿಕ ಶಾಲೆಯಲ್ಲಿ ಟೀಚರು. ಅಕ್ಷರ ದುಂಡಗಿರಬೇಕು, ಬೂಟು ಹೊಳೆಯಬೇಕು, ಮಗು ಕೂತರೆ ಗೊಂಬೆ ಕೂತಂತಿರಬೇಕು. ಪಿಲ್ಲಿಯ ಅಕ್ಕ ಹಾಗೇ ಕೂರುತ್ತಿದ್ದಳು. ಪಿಲ್ಲಿ ಕೂರುತ್ತಿರಲಿಲ್ಲ. ಅದಕ್ಕೇ ಸಂಜೆ ಮನೆಪಾಠದ ಹೊತ್ತಿಗೆ ಉದ್ದನೆಯ ಟವೆಲ್ಲಿನಿಂದ ಅವಳ ಸೊಂಟವನ್ನು ಕುರ್ಚಿಗೆ ಕಟ್ಟಲಾಗುತ್ತಿತ್ತು. ಟವೆಲ್ ತಂದುಕೊಡುವುದು ಅಕ್ಕನ ಕೆಲಸ. "ಗಟ್ಟಿಯಾಗಿ ಹಿಡ್ಕೋ, ಇವಳು ಮೀನಿದ್ದ ಹಾಗೆ, ಜಾರ್ತಾಳೆ" ಎಂದು ಅಮ್ಮ ಹೇಳಿದರೆ ಅಕ್ಕ ತುದಿ ಹಿಡಿದು ನಿಲ್ಲುವಳು. ಉಚ್ಚೆ ಬಂದರೂ ಲೆಕ್ಕ ಮುಗಿಯುವ ತನಕ ಗಂಟು ಬಿಚ್ಚುವಂತಿರಲಿಲ್ಲ. ಒಮ್ಮೆ ಬೂಟು ಕಳೆದುಕೊಂಡು ಬಂದಳೆಂದು ಅಮ್ಮ ಅವಳನ್ನು ಬರಿಗಾಲಲ್ಲೇ ತನ್ನ ತರಗತಿಗೆ ಎಳೆದೊಯ್ದು ಮೇಜಿನ ಮೇಲೆ ನಿಲ್ಲಿಸಿದಳು. "ಇವಳು ನನ್ನ ಮಗಳು. ನೋಡಿ ನಗಿ ಎಲ್ಲರೂ" ಎಂದಳು. ಮಕ್ಕಳು ಮೊದಲು ಹೆದರಿಕೊಂಡು ನಕ್ಕರು, ಆಮೇಲೆ ನಿಜವಾಗಿಯೂ ನಕ್ಕರು.

ಪಿಲ್ಲಿ ಓದನ್ನು ಅರ್ಧಕ್ಕೆ ಬಿಟ್ಟಳು. ಕತ್ತರಿ ಹಿಡಿದ ಮೇಲೆ ಬದುಕಿಕೊಂಡಳು. ಒಬ್ಬರ ತಲೆಗೂದಲಲ್ಲಿ ಅವಳ ಬೆರಳು ಆಡುತ್ತಿದ್ದರೆ ಪಕ್ಕದಲ್ಲಿ ಬೆಂಕಿ ಬಿದ್ದರೂ ಗೊತ್ತಾಗುತ್ತಿರಲಿಲ್ಲ. ಆದರೆ ಒಂದೇ ಹೊತ್ತಿಗೆ ಇಬ್ಬರು ಮೂವರಿಗೆ ಬರಹೇಳಿ ಮರೆತುಬಿಡುವಳು. ಪಾರ್ಲರಿನ ಮಾಲೀಕಳು ತಲೆ ಚಚ್ಚಿಕೊಳ್ಳುತ್ತಿದ್ದಳು, ಕೈಗುಣ ಚೆನ್ನಾಗಿದೆಯೆಂದು ಇಟ್ಟುಕೊಂಡಿದ್ದಳು.

ಮಗಳು ಹುಟ್ಟಿದಳು, ಅವಳೂ ಹೀಗೇ. ಮೂರನೆಯ ತರಗತಿಯಲ್ಲಿದ್ದಾಗ ಶಾಲೆಯವರು ಕರೆಸಿ, ಒಮ್ಮೆ ಮಕ್ಕಳ ಮನೋವೈದ್ಯರಿಗೆ ತೋರಿಸಿ ಎಂದರು. ಅಲ್ಲಿದ್ದ ಡಾಕ್ಟರು ಮೆಲುಮಾತಿನ ಹೆಂಗಸು. ಮೊದಲು ಮಗುವಿನ ಕಿವಿ ಕಣ್ಣು ಪರೀಕ್ಷೆ ಮಾಡಿಸಿದರು. ಆಮೇಲೆ ಶಾಲೆಗೊಂದು, ಮನೆಗೊಂದು ಪ್ರಶ್ನಾವಳಿ ಕೊಟ್ಟರು. "ಎರಡೂ ಕಡೆ ಹೇಗಿರ್ತಾಳೆ ಅಂತ ಗೊತ್ತಾಗ್ಬೇಕು. ಬರೀ ಇದನ್ನ ನೋಡಿ ನಾನು ಏನೂ ತೀರ್ಮಾನ ಮಾಡಲ್ಲ. ಇದ್ದದ್ದು ಇದ್ದ ಹಾಗೆ ಬರೀರಿ" ಎಂದರು.

ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಪಿಲ್ಲಿ ಕನ್ನಡಿಯ ಮುಂದೆ ಕೂತು ಅದನ್ನು ತುಂಬತೊಡಗಿದಳು. ಮಗು ವಸ್ತುಗಳನ್ನು ಕಳೆದುಕೊಳ್ಳುತ್ತದೆಯೇ? ಎದುರಿಗೇ ನಿಂತು ಮಾತನಾಡಿದರೂ ಕೇಳಿಸಿಕೊಳ್ಳದಂತೆ ಇರುತ್ತದೆಯೇ? ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳುತ್ತದೆಯೇ? ಇಲ್ಲ, ಅಪರೂಪಕ್ಕೆ, ಆಗಾಗ, ಯಾವಾಗಲೂ ಎಂದು ಪ್ರತಿಯೊಂದಕ್ಕೂ ನಾಲ್ಕು ಮನೆ. ಅರ್ಧ ಪುಟ ಮುಗಿಯುವಷ್ಟರಲ್ಲಿ ಅವಳಿಗೆ ತಾನು ಗುರುತು ಹಾಕುತ್ತಿರುವುದು ಮಗಳ ಬಗ್ಗೆಯೋ ತನ್ನ ಬಗ್ಗೆಯೋ ತಿಳಿಯದೆ ಹೋಯಿತು. ಇದನ್ನೆಲ್ಲ ಒಬ್ಬರು ಕೂತು ಯೋಚಿಸಿ, ಇದಕ್ಕೊಂದು ಹೆಸರಿದೆ ಎಂದು ಅಚ್ಚು ಹಾಕಿಸಿದ್ದಾರಲ್ಲ! ಅಮ್ಮ ದಿನಾ ಬೈಯುತ್ತಿದ್ದ ಕೊಬ್ಬು ಎಂಬ ಮಾತು ಆ ಪುಟದಲ್ಲಿ ಎಲ್ಲಿಯೂ ಇರಲಿಲ್ಲ.

ಮುಂದಿನ ಸಲ ಹೋದಾಗ ಇದೆಲ್ಲ ತನಗೂ ಇದೆಯೆಂದು ಅವಳು ಡಾಕ್ಟರಿಗೆ ನಾಚಿಕೊಂಡೇ ಹೇಳಿದಳು. ಡಾಕ್ಟರು ನಗಲಿಲ್ಲ.

"ದೊಡ್ಡವರನ್ನ ನೋಡೋ ನನ್ನ ಸಹೋದ್ಯೋಗಿ ಒಬ್ಬರಿದ್ದಾರೆ, ಕಳಿಸ್ತೀನಿ. ಆದ್ರೆ ಇದು ಚಿಕ್ಕಂದಿನಿಂದ ಇತ್ತು ಅಂತ ಗೊತ್ತಾಗ್ಬೇಕು. ನಿಮ್ಮನ್ನ ಆಗ ನೋಡಿದವರು ಯಾರಾದ್ರೂ ಇದ್ದಾರಾ? ಅಮ್ಮ?"

"ಇದ್ದಾರೆ" ಎಂದಳು ಪಿಲ್ಲಿ. ಅಮ್ಮ ಇದ್ದದ್ದು ಅಕ್ಕನ ಮನೆಯಲ್ಲಿ.

ಕಣ್ಣಿಗೆ ಪೊರೆ ಬಂದಿದ್ದ ಅಮ್ಮ ಸೋಫಾದಲ್ಲಿ ನೆಟ್ಟಗೆ ಕೂತಿದ್ದಳು. ಅಕ್ಕ ಇಸ್ತ್ರಿ ಹಾಕುತ್ತಿದ್ದಳು. ಪಿಲ್ಲಿ ವಿಷಯ ಹೇಳಿ, ಡಾಕ್ಟರು ಕೊಟ್ಟ ಪ್ರಶ್ನಾವಳಿಯಿಂದ ಒಂದೊಂದೇ ಪ್ರಶ್ನೆ ಓದಿದಳು.

"ಚಿಕ್ಕವಳಿದ್ದಾಗ ನಾನು ವಸ್ತುಗಳನ್ನ ಕಳ್ಕೊಳ್ತಿದ್ನಾ?"

"ಇಲ್ಲ."

"ಅಮ್ಮಾ."

"ಇಲ್ಲ ಅಂದ್ನಲ್ಲ. ಮುಂದಿಂದು ಓದು."

"ಕೂತಲ್ಲಿ ಕೂರ್ದೆ ಎದ್ದು ಓಡಾಡ್ತಿದ್ನಾ?"

"ಇಲ್ಲ." ಅಮ್ಮನ ಮುಖದಲ್ಲಿ ಸಣ್ಣ ನಗು ಮೂಡಿತ್ತು. ತರಗತಿಯಲ್ಲಿ ತಪ್ಪು ಉತ್ತರಕ್ಕೆ ಕಾದು ಕೂರುವಾಗಿನ ಅದೇ ನಗು.

ಹೀಗೇ ಕೊನೆಯ ತನಕ. ಒಂದಕ್ಕೂ ಅಪರೂಪಕ್ಕೆ ಎನ್ನಲಿಲ್ಲ. ಪಿಲ್ಲಿ ಪೆನ್ನು ಕೆಳಗಿಟ್ಟಳು.

"ಮತ್ತೆ ಚೆಲ್ಲಾಪಿಲ್ಲಿ ಅಂತ ಯಾಕೆ ಹೆಸರಿಟ್ಟೆ? ಕುರ್ಚಿಗೆ ಯಾಕೆ ಕಟ್ತಿದ್ದೆ?"

"ಕಟ್ಟಿದ್ನಾ? ಯಾರು ನೋಡಿದ್ರು?"

ಪಿಲ್ಲಿ ಅಕ್ಕನ ಕಡೆ ತಿರುಗಿದಳು. ಅಕ್ಕ ಅಂಗಿಯ ಕಾಲರಿನ ಮೇಲೆ ಇಸ್ತ್ರಿಪೆಟ್ಟಿಗೆ ಒತ್ತುತ್ತ ತಲೆಯೆತ್ತಲಿಲ್ಲ. "ನಂಗೇನೂ ನೆನಪಿಲ್ಲ ಕಣೇ. ಎಷ್ಟು ಹಳೇ ಮಾತು" ಎಂದಳು.

"ಕೇಳಿಸ್ತಾ?" ಎಂದಳು ಅಮ್ಮ. "ನಿಂಗೆ ಕಾಯಿಲೆ ಇರ್ಲಿಲ್ಲ, ಕೊಬ್ಬಿತ್ತು. ನಾನು ಇಳಿಸ್ದೆ. ಈಗ ಯಾರೋ ಡಾಕ್ಟರು ಬಂದು, ಪಾಪ, ಈ ಮಗೂದು ಏನೂ ತಪ್ಪಿಲ್ಲ ಅಂದ್ರೆ ನಾನೇನಾಗ್ಬೇಕು? ರಾಕ್ಷಸಿ ಆಗ್ಬೇಕಾ? ಆಗಲ್ಲ. ಬರ್ಕೋ, ಇಲ್ಲ ಅಂತ."

ಪೊರೆ ಬಂದ ಆ ಕಣ್ಣಿಗೆ ಪಿಲ್ಲಿ ಏನು ಬರೆದರೂ ಕಾಣುತ್ತಿರಲಿಲ್ಲ. ಆದರೂ ಅವಳು ಪ್ರತಿಯೊಂದರ ಮುಂದೆಯೂ ಇಲ್ಲ ಎಂದೇ ಗುರುತು ಹಾಕಿ ಎದ್ದಳು. ಮೆಟ್ಟಿಲ ತನಕ ಬಂದ ಅಕ್ಕ ಪಿಸುಗುಟ್ಟಿದಳು: "ವಯಸ್ಸಾದವಳ ಬಾಯಲ್ಲಿ ಹೇಳಿಸಿ ಏನು ಸಾಧಿಸ್ತೀಯ? ಬಿಟ್ಟುಬಿಡು."

"ನಿಂಗೆ ನಿಜವಾಗ್ಲೂ ನೆನಪಿಲ್ವಾ?"

"ಅವ್ಳಿರೋದು ನನ್ನ ಮನೇಲಿ, ನಿನ್ನ ಮನೇಲಲ್ಲ" ಎಂದು ಅಕ್ಕ ಬಾಗಿಲು ಹಾಕಿಕೊಂಡಳು.

ಮಗಳ ವಿಷಯ ಬೇಗ ಇತ್ಯರ್ಥವಾಯಿತು. ಮನೆಯ ಉತ್ತರ, ಶಾಲೆಯ ಉತ್ತರ ಎರಡೂ ತಾಳೆಯಾದವು. ಡಾಕ್ಟರು ಮಗುವಿನ ಜೊತೆ ಆಡಿ, ಮಾತಾಡಿಸಿ, ಗಮನದ ಕೊರತೆಯ ತೊಂದರೆ ಇದೆ ಎಂದರು, ಮಾತ್ರೆ ಬರೆದರು, ಬೈಯದೆ ಹೇಗೆ ಕೆಲಸ ಮಾಡಿಸಬೇಕೆಂದು ಅಪ್ಪ ಅಮ್ಮ ಇಬ್ಬರಿಗೂ ಕಲಿಸಿದರು. ಅಮ್ಮ ಎಲ್ಲದಕ್ಕೂ ಇಲ್ಲ ಎಂದದ್ದರಿಂದ ಪಿಲ್ಲಿಯ ವಿಷಯ ಮಾತ್ರ ತೀರ್ಮಾನವಾಗದೆ ನಿಂತಿತು.

ಮೊಮ್ಮಗಳ ಸುದ್ದಿ ಕೇಳಿದ ಅಮ್ಮ ಫೋನ್ ಮಾಡಿದಳು. ಲೋಕದಲ್ಲಿ ಅವಳು ಮೆತ್ತಗಾಗುತ್ತಿದ್ದುದು ಆ ಮೊಮ್ಮಗಳೊಬ್ಬಳ ಮುಂದೆ. ಮಗು ಮಡಿಲಲ್ಲಿ ಎಷ್ಟು ಹೊರಳಾಡಿದರೂ ಸುಮ್ಮನಿರುವಳು, ಕನ್ನಡಕ ಕಿತ್ತು ಆಡಿದರೂ ನಗುವಳು. "ರಜಕ್ಕೆ ನನ್ನ ಹತ್ರ ಕಳಿಸೇ. ಮಾತ್ರೆ ಗೀತ್ರೆ ಏನೂ ಬೇಡ, ನಾನು ನೋಡ್ಕೋತೀನಿ" ಎಂದಳು.

ಪಿಲ್ಲಿಗೆ ಆಗ ಹೊಳೆಯಿತು, ಅಮ್ಮನಿಗೂ ನೋಯುವ ಜಾಗ ಒಂದಿದೆಯೆಂದು.

"ಕಳಿಸ್ತೀನಿ. ಒಂದು ಸಲ ಹೌದು ಅನ್ನು."

"ಏನಕ್ಕೆ ಹೌದು?"

"ನಿಂಗೆ ಗೊತ್ತು."

ಅಮ್ಮ ಫೋನ್ ಇಟ್ಟಳು. ಅಲ್ಲಿಂದ ಮೊಮ್ಮಗಳು ಅಜ್ಜಿಯ ಮನೆಗೆ ಹೋಗುವುದು ನಿಂತಿತು. ಹುಡುಗಿ ಕೇಳಿದಾಗಲೆಲ್ಲ ಪಿಲ್ಲಿ ಒಂದೊಂದು ನೆಪ ಹೇಳಿದಳು: ಅಜ್ಜಿಗೆ ಹುಷಾರಿಲ್ಲ, ದೊಡ್ಡಮ್ಮ ಊರಲ್ಲಿಲ್ಲ. ಗಂಡ ಒಂದು ದಿನ ತಡೆಯಲಾರದೆ, "ನಿಮ್ಮಿಬ್ಬರ ಜಗಳಕ್ಕೆ ಮಗೂನ ಯಾಕೆ ನಡುವೆ ತರ್ತೀಯ?" ಎಂದ. "ನೀನು ಬಾಯಿ ಹಾಕ್ಬೇಡ" ಎಂದಳು.

ತಿಂಗಳುಗಳು ಕಳೆದವು. ಮಳೆಗಾಲದ ಒಂದು ಸಂಜೆ ಅಮ್ಮ ಮತ್ತೆ ಫೋನ್ ಮಾಡಿದಳು. ಏದುಸಿರು ಬಿಡುತ್ತಿದ್ದಳು, ಧ್ವನಿ ಮಾತ್ರ ಟೀಚರಿನದೇ. "ಹೌದು. ಎಲ್ಲದಕ್ಕೂ ಹೌದು. ನೀನು ಕಳ್ಕೊಳ್ತಿದ್ದೆ, ಮರೀತಿದ್ದೆ, ಕೂರ್ತಿರ್ಲಿಲ್ಲ. ನಾನು ಕಟ್ತಿದ್ದೆ. ಸಾಕಾ? ಈಗ ನನ್ನ ಕೂಸನ್ನ ಕಳಿಸು."

ಇಷ್ಟು ವರ್ಷ ಕಾದ ಮಾತು ಕಿವಿಗೆ ಬಿತ್ತು, ಪಿಲ್ಲಿಗೆ ಏನೂ ಅನ್ನಿಸಲಿಲ್ಲ. ಅಮ್ಮ ಹೌದು ಎಂದದ್ದು ಪಿಲ್ಲಿಗಾಗಿ ಅಲ್ಲ, ಮೊಮ್ಮಗಳಿಗಾಗಿ. ಅದು ಅರ್ಥವಾದೊಡನೆ ಅವಳ ಮನಸ್ಸು ಇನ್ನೂ ಕಲ್ಲಾಯಿತು.

"ನೋಡೋಣ" ಎಂದಳು. ಕಳಿಸಲಿಲ್ಲ.

ಅಮ್ಮ ಆಸ್ಪತ್ರೆ ಸೇರಿದಳೆಂದು ಅಕ್ಕ ಹೇಳಿಕಳಿಸಿದಾಗ ಪಿಲ್ಲಿ ಒಬ್ಬಳೇ ಹೋದಳು. ಅಮ್ಮ ಬಾಗಿಲ ಕಡೆಗೇ ಮುಖ ಮಾಡಿ ಮಲಗಿದ್ದಳು. ಹೆಜ್ಜೆ ಸಪ್ಪಳ ಕೇಳಿ ತಲೆಯೆತ್ತಿದಳು.

"ಕೂಸೆಲ್ಲಿ?"

"ಸ್ಕೂಲಿಗೆ ಹೋಗಿದ್ದಾಳೆ."

ಅಂದು ಭಾನುವಾರ. "ಇವತ್ತು ಸ್ಕೂಲಿಲ್ಲ ಕಣೇ" ಎಂದು ಅಮ್ಮ ಗೋಡೆಯ ಕಡೆ ತಿರುಗಿಕೊಂಡಳು. ಆಮೇಲೆ ಪಿಲ್ಲಿಯ ಜೊತೆ ಮಾತಾಡಲಿಲ್ಲ, ಆ ವಾರವೇ ಹೋಗಿಬಿಟ್ಟಳು.

ಶವದ ಮುಂದೆ ಅಕ್ಕ ಎಲ್ಲರೆದುರು ಮಗುವನ್ನು ತಬ್ಬಿಕೊಂಡು ಅತ್ತಳು. "ಕೊನೇ ತನಕ ಅಜ್ಜಿ ನಿನ್ನೇ ಕೇಳಿದ್ರು ಕಣೇ ಪುಟ್ಟಿ. ನಿಮ್ಮಮ್ಮ ಕರ್ಕೊಂಡು ಬರ್ಲಿಲ್ಲ." ಹುಡುಗಿ ತಾಯಿಯ ಮುಖವನ್ನೇ ನೋಡುತ್ತ ನಿಂತಳು. ಅಷ್ಟು ಹೊತ್ತು ಅವಳು ಅಲುಗಾಡದೆ ನಿಂತದ್ದನ್ನು ಪಿಲ್ಲಿ ಎಂದೂ ಕಂಡಿರಲಿಲ್ಲ.

ಪಿಲ್ಲಿಯ ಪರೀಕ್ಷೆ ಕೊನೆಗೂ ನಡೆಯಿತು. ಚಿಕ್ಕಂದಿನಲ್ಲಿ ಪಕ್ಕದ ಮನೆಯಲ್ಲಿದ್ದ ಹೆಂಗಸೊಬ್ಬಳನ್ನು ಗಂಡ ಹುಡುಕಿ ತಂದ. ಆಕೆ ಎಲ್ಲವನ್ನೂ ಹೇಳಿದಳು. ಗೋಡೆಯಾಚೆಯಿಂದ ಅಮ್ಮನ ಬೈಗುಳ ದಿನಾ ಕೇಳಿಸುತ್ತಿತ್ತಂತೆ. ಮಗಳಿಗಿದ್ದ ತೊಂದರೆಯೇ ತಾಯಿಗೂ ಇದೆಯೆಂದು ತಿಳಿದು ಮಾತ್ರೆ ಶುರುವಾದ ಮೇಲೆ ಪಿಲ್ಲಿ ಇಬ್ಬರಿಗೆ ಒಂದೇ ಹೊತ್ತಿಗೆ ಬರಹೇಳಿ ಕಾಯಿಸಲಿಲ್ಲ. ಮಾಲೀಕಳು ಖುಷಿಯಾಗಿ ಅಂಗಡಿಯ ಕೀಲಿಯನ್ನು ಅವಳ ಕೈಗೇ ಕೊಟ್ಟಳು.

ಮಗಳು ಚೆನ್ನಾಗಿ ಓದುತ್ತಿದ್ದಾಳೆ. ತಾಯಿಯ ಜೊತೆ ಬೇಕಾದಷ್ಟೇ ಮಾತು. ಕೂದಲು ಬೆಳೆದಾಗ ಅಪ್ಪನ ಕೈಹಿಡಿದುಕೊಂಡು ತಾಯಿಯ ಪಾರ್ಲರಿನ ಮುಂದೆಯೇ ಹಾದು, ಎರಡು ಬೀದಿ ಆಚೆಗಿನ ಇನ್ನೊಂದು ಅಂಗಡಿಗೆ ಹೋಗುತ್ತಾಳೆ. ಅಲ್ಲಿ ಚೆನ್ನಾಗಿ ಕತ್ತರಿಸುವುದಿಲ್ಲ. ಕಿವಿಯ ಹತ್ತಿರ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ. ಪಿಲ್ಲಿ ಅದನ್ನು ಊಟದ ಮೇಜಿನ ಈಚೆಯಿಂದ ದಿನವೂ ನೋಡುತ್ತಾಳೆ, ಸರಿಮಾಡುತ್ತೇನೆ ಬಾ ಎಂದು ಕರೆಯುವ ಧೈರ್ಯ ಮಾತ್ರ ಅವಳಿಗಿಲ್ಲ.